ಲಾಗ್‌ಔಟ್ ಮಾಡದೆ ಎದ್ದು ಬಂದರೆ? ಕಾಲೇಜು ಲ್ಯಾಬ್ ಕುರಿತ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕುಮಟಾದಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್ ಸಲ್ಲಿಸಲೆಂದು ಗೆಳತಿಗೆ ನನ್ನ ಕಾಲೇಜು ಲಾಗಿನ್ ಕೊಟ್ಟಿದ್ದೆ. ಅವಳಿಂದ ಅದು ಇನ್ನಿಬ್ಬರಿಗೆ ಹೋಗಿದೆ. ಯಾರೋ ಟೊರೆಂಟ್‌ನಲ್ಲಿ ಸಿನಿಮಾ ಇಳಿಸಿದ್ದಾರೆ. ಈಗ ನನ್ನ ಐಡಿ ಬಂದ್ ಆಗಿದೆ, ಪ್ರಾಂಶುಪಾಲರು ವಿವರಣೆ ಕೇಳಿದ್ದಾರೆ. ನಾನೇಕೆ ಉತ್ತರ ಕೊಡಬೇಕು?

ಉತ್ತರ: ಸರ್ವರ್‌ನ ದಾಖಲೆಯಲ್ಲಿ, ಅಂದರೆ ಲಾಗ್‌ನಲ್ಲಿ, ಯಾರ ಮುಖವೂ ಇರುವುದಿಲ್ಲ. ಯಾವ ಐಡಿ, ಯಾವ ಕಂಪ್ಯೂಟರ್, ಎಷ್ಟು ಹೊತ್ತಿಗೆ, ಎಷ್ಟು ಡೇಟಾ ಎಂಬುದಷ್ಟೇ ಇರುತ್ತದೆ. ಲಾಗಿನ್ ಕೊಡುವುದೆಂದರೆ ಸಹಿ ಹಾಕಿದ ಖಾಲಿ ಕಾಗದ ಕೊಟ್ಟ ಹಾಗೆ. ಟೊರೆಂಟ್‌ನಲ್ಲಿ ಇನ್ನೊಂದು ತೊಡಕೂ ಇದೆ. ಸಿನಿಮಾ ಇಳಿಯುತ್ತಿರುವಾಗಲೇ ಇಳಿದ ತುಣುಕುಗಳು ಬೇರೆಯವರಿಗೆ ಹೋಗುತ್ತಿರುತ್ತವೆ. ಹಾಗಾಗಿ ನಿಮ್ಮ ಐಡಿಯಿಂದ ಸಿನಿಮಾ ಹಂಚಿದಂತೆಯೂ ದಾಖಲಾಗಿರಬಹುದು.

ವಿವರಣೆಯಲ್ಲಿ ಪಾಸ್‌ವರ್ಡ್ ಕೊಟ್ಟಿದ್ದನ್ನು ಮುಚ್ಚಿಡಬೇಡಿ. ಯಾವ ದಿನ, ಯಾರಿಗೆ, ಯಾವ ಕೆಲಸಕ್ಕೆ ಕೊಟ್ಟಿರಿ ಎಂದು ಬರೆಯಿರಿ. ಡೌನ್‌ಲೋಡ್ ನಡೆದ ಹೊತ್ತು ಮತ್ತು ಕಂಪ್ಯೂಟರ್ ಸಂಖ್ಯೆಯನ್ನು ಲಾಗ್‌ನಿಂದ ತೆಗೆಸಿಕೊಡುವಂತೆ ಕೇಳಿ. ಆ ಹೊತ್ತಿಗೆ ನೀವು ತರಗತಿಯಲ್ಲಿದ್ದರೆ ಹಾಜರಿ ಪುಸ್ತಕವೇ ನಿಮ್ಮ ಪರವಾಗಿ ಹೇಳುತ್ತದೆ. ಅದೇ ಪಾಸ್‌ವರ್ಡನ್ನು ಜಿಮೇಲ್‌ಗೋ ಬೇರೆಡೆಗೋ ಇಟ್ಟಿದ್ದರೆ ಈಗಲೇ ಬದಲಿಸಿ, ಅದು ಕನಿಷ್ಠ ಮೂವರಿಗೆ ಗೊತ್ತಾಗಿದೆ.

ನೀವಾಗಿಯೇ ಕೊಟ್ಟಿದ್ದರಿಂದ ಇದು ಮೊದಲಿಗೆ ಕಾಲೇಜಿನ ಶಿಸ್ತಿನ ವಿಷಯ. ಆದರೆ ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯ ಉದ್ದೇಶದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಸಿ ಕಲಮಿನಡಿ ಅಪರಾಧ. 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ನಿಮ್ಮ ಗೆಳತಿಗೂ ಇದನ್ನು ಹೇಳಿ.

ಪ್ರಶ್ನೆ: ಶಿರಸಿಯ ಕಾಲೇಜೊಂದರ ಲ್ಯಾಬ್ ನೋಡಿಕೊಳ್ಳುತ್ತೇನೆ. 40 ಕಂಪ್ಯೂಟರ್, 100 ಎಂಬಿಪಿಎಸ್ ಲೈನ್. ಮಧ್ಯಾಹ್ನ ಇಂಟರ್‌ನೆಟ್ ತೆವಳುತ್ತದೆ. ಕೆಲವೊಮ್ಮೆ ಅರ್ಧ ಲ್ಯಾಬ್‌ಗೆ ಸಂಪರ್ಕವೇ ಇರುವುದಿಲ್ಲ, ಉಳಿದರ್ಧಕ್ಕೆ ಇರುತ್ತದೆ. ಲೈನ್ ಹೆಚ್ಚಿಸಬೇಕೇ?

ಉತ್ತರ: ಹಣ ಖರ್ಚು ಮಾಡುವ ಮೊದಲು ಎರಡನ್ನೂ ಬೇರೆ ಬೇರೆ ಹಿಡಿಯಿರಿ, ಕಾರಣ ಒಂದೇ ಅಲ್ಲ.

ಅರ್ಧ ಲ್ಯಾಬ್ ಸತ್ತಾಗ ಸಂಪರ್ಕವಿಲ್ಲದ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್' ಕೊಡಿ. 'ಡಿಫಾಲ್ಟ್ ಗೇಟ್‌ವೇ' (ಹೊರಗೆ ಹೋಗುವ ದಾರಿ) ಎದುರು ನಿಮ್ಮ ರೌಟರ್ ವಿಳಾಸದ ಬದಲು 192.168.0.1ರಂಥ ಬೇರೆ ವಿಳಾಸ ಕಂಡರೆ, ಹಾಸ್ಟೆಲಿನಲ್ಲೋ ಸ್ಟಾಫ್ ರೂಮಿನಲ್ಲೋ ಯಾರೋ ಸ್ವಂತ ವೈಫೈ ರೌಟರ್ ತಂದು ಕಾಲೇಜಿನ ಕೇಬಲ್ಲನ್ನು ಅದರ ಲ್ಯಾನ್ ಪೋರ್ಟಿಗೆ ಚುಚ್ಚಿದ್ದಾರೆ. ವಿಳಾಸ ಹಂಚುವ ಕೆಲಸವನ್ನು ಆ ರೌಟರ್ ತಾನೂ ಶುರುಮಾಡುತ್ತದೆ. ಅದರಿಂದ ವಿಳಾಸ ಪಡೆದ ಕಂಪ್ಯೂಟರ್‌ಗಳು ದಾರಿ ತಪ್ಪುತ್ತವೆ. ಎಲ್ಲ ಕೇಬಲ್ಲುಗಳು ಬಂದು ಸೇರುವ ನೆಟ್‌ವರ್ಕ್ ಸ್ವಿಚ್ಚಿನಿಂದ ಅವನ್ನು ಒಂದೊಂದಾಗಿ ತೆಗೆದು ನೋಡಿದರೆ ಯಾವ ಕೋಣೆಯದೆಂದು ಸಿಗುತ್ತದೆ. ಸೆಟ್ಟಿಂಗ್ ಬದಲಿಸಬಹುದಾದ ಮ್ಯಾನೇಜ್ಡ್ ಸ್ವಿಚ್ ಇದ್ದರೆ, ಬೇರೆ ರೌಟರ್ ವಿಳಾಸ ಹಂಚದಂತೆ ತಡೆಯುವ 'ಡಿಎಚ್‌ಸಿಪಿ ಸ್ನೂಪಿಂಗ್' ಚಾಲೂ ಮಾಡಿ, ಮುಂದೆ ಇದು ಬಾಧಿಸದು. ಆ ರೌಟರ್ ತಂದವರಿಗೆ ತಮ್ಮಿಂದ ಲ್ಯಾಬ್ ನಿಂತಿದೆ ಎಂಬುದೇ ಗೊತ್ತಿರುವುದಿಲ್ಲ. ಬಯ್ಯುವ ಮುನ್ನ ಆ ಕೋಣೆಗೆ ಸಿಗ್ನಲ್ ಬರುತ್ತದೆಯೇ ನೋಡಿ. ದಪ್ಪ ಚಿರೆಕಲ್ಲಿನ ಗೋಡೆ ಎರಡು ದಾಟುವಷ್ಟರಲ್ಲಿ ವೈಫೈ ಸೋಲುತ್ತದೆ, ಅದರಲ್ಲೂ 5 ಗಿಗಾಹರ್ಟ್ಸ್ ಬೇಗ ಸೋಲುತ್ತದೆ.

ಮಧ್ಯಾಹ್ನದ ನಿಧಾನಕ್ಕೆ ಲೆಕ್ಕ ಹಾಕಿ. 40 ಕಂಪ್ಯೂಟರ್ ಒಟ್ಟಿಗೆ ಎಳೆದರೆ ಒಂದಕ್ಕೆ 2.5 ಎಂಬಿಪಿಎಸ್. ಎಚ್‌ಡಿ ವಿಡಿಯೊ ಒಂದಕ್ಕೆ ಸುಮಾರು 5 ಬೇಕು. ಅಂದರೆ ಇಪ್ಪತ್ತು ಜನ ವಿಡಿಯೊ ನೋಡಿದರೆ ಅರ್ಜಿ ತುಂಬುವ ಇಪ್ಪತ್ತೊಂದನೆಯವರಿಗೆ ಏನೂ ಉಳಿಯದು. ಬೆಳಿಗ್ಗೆ 8ಕ್ಕೆ ಮತ್ತು ಮಧ್ಯಾಹ್ನ 2ಕ್ಕೆ ರೌಟರ್‌ಗೆ ನೇರ ಕೇಬಲ್ ಹಾಕಿ ವೇಗ ಅಳೆಯಿರಿ. ಮಧ್ಯಾಹ್ನ ಅಳೆಯುವಾಗ ಉಳಿದ ಕೇಬಲ್ಲುಗಳನ್ನು ಒಂದು ನಿಮಿಷ ತೆಗೆದಿಡಿ. ಆಗಲೂ ಕಡಿಮೆ ಬಂದರೆ ಕಂಪನಿಗೆ ದೂರು ಕೊಡಿ. ಚೆನ್ನಾಗಿದ್ದರೆ ಹೊರೆ ಒಳಗಿನದು. ರೌಟರ್‌ನಲ್ಲಿ ಪ್ರತಿ ಕಂಪ್ಯೂಟರ್‌ಗೆ ಮಿತಿ ಹಾಕಿ. ವಿಂಡೋಸ್ ಅಪ್‌ಡೇಟ್‌ನ 'ಡೆಲಿವರಿ ಆಪ್ಟಿಮೈಸೇಶನ್'ನಲ್ಲಿ ಸ್ಥಳೀಯ ನೆಟ್‌ವರ್ಕಿನ ಕಂಪ್ಯೂಟರ್‌ಗಳಿಂದ ಪಡೆಯುವ ಆಯ್ಕೆ ಒತ್ತಿ. ಒಂದು ಕಂಪ್ಯೂಟರ್ ಇಳಿಸಿದ್ದನ್ನು ಉಳಿದವು ಅದರಿಂದಲೇ ಪಡೆಯುತ್ತವೆ.

ಗುಡುಗು ಶುರುವಾದಾಗ ಪವರ್ ಪ್ಲಗ್ಗಿನ ಜೊತೆ ಹೊರಗಿನಿಂದ ಬರುವ ಲ್ಯಾನ್ ಕೇಬಲ್ಲನ್ನೂ ತೆಗೆಯಿರಿ. ಯುಪಿಎಸ್ ಇದ್ದರೂ ಸಿಡಿಲಿನ ಹೊಡೆತ ಆ ತಂತಿಯಿಂದ ಬಂದು ಸ್ವಿಚ್ ಸುಡುತ್ತದೆ. ಎರಡು ಕಟ್ಟಡಗಳ ನಡುವೆ ತಾಮ್ರದ ಬದಲು ಫೈಬರ್ ಎಳೆಸಿ.

ಪ್ರಶ್ನೆ: ಕಾರವಾರದಲ್ಲಿ ಬಿ.ಕಾಂ. ಓದುತ್ತೇನೆ. ಲ್ಯಾಬ್‌ನಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಿ ಬಂದೆ. ವಾಟ್ಸ್ಆ್ಯಪ್ ವೆಬ್ ಹಾಗೇ ಬಿಟ್ಟಿದ್ದು ಮನೆಗೆ ಬಂದ ಮೇಲೆ ನೆನಪಾಯಿತು.

ಉತ್ತರ: ವಾಟ್ಸ್ಆ್ಯಪ್ ಸುಲಭ. ಫೋನಿನಲ್ಲಿ 'ಲಿಂಕ್ಡ್ ಡಿವೈಸಸ್'ಗೆ ಹೋಗಿ ಆ ಕಂಪ್ಯೂಟರ್ ಹೆಸರು ಒತ್ತಿ ಲಾಗ್‌ಔಟ್ ಮಾಡಿ. ಜಿಮೇಲ್ ತೆರೆದಿದ್ದರೆ ಗೂಗಲ್ ಖಾತೆಯ 'ಸೆಕ್ಯುರಿಟಿ' ಭಾಗದಲ್ಲಿ 'ಯುವರ್ ಡಿವೈಸಸ್' ನೋಡಿ, ಅಲ್ಲಿಂದಲೂ ಹೊರಬರಬಹುದು.

ನನಗೆ ಹೆಚ್ಚು ಆತಂಕ 'ಡೌನ್‌ಲೋಡ್ಸ್' ಫೋಲ್ಡರಿನದು. ಅಲ್ಲಿ ನಿಮ್ಮ ಆಧಾರ್, ಪಾಸ್‌ಬುಕ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಉಳಿದಿರುತ್ತವೆ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎನ್ನಬೇಡಿ. ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷವೇ ಆ ಪಾಸ್‌ವರ್ಡ್. ಎರಡೂ ಪಕ್ಕದ ಅಂಕಪಟ್ಟಿಯಲ್ಲೇ ಇವೆ! ನೋಡಿದ ಪುಟಗಳ ಗುರುತು ಉಳಿಸದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಮಾಡಿದ್ದರೂ ಇಳಿಸಿಕೊಂಡ ಕಡತಗಳು ಉಳಿಯುತ್ತವೆ. ನಾಳೆ ಬಾಗಿಲು ತೆರೆಯುತ್ತಲೇ ಹೋಗಿ ಅವನ್ನು ಆರಿಸಿ 'ಶಿಫ್ಟ್' ಮತ್ತು 'ಡಿಲೀಟ್' ಒಟ್ಟಿಗೆ ಒತ್ತಿ, ಆಗ ರಿಸೈಕಲ್ ಬಿನ್‌ನಲ್ಲಿ ಕೂರುವುದಿಲ್ಲ. ಬ್ರೌಸರ್ ಪಾಸ್‌ವರ್ಡ್ ಉಳಿಸಿಕೊಂಡಿದ್ದರೆ ಅದನ್ನೂ ಅಳಿಸಿ. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ (ಬೆರಳಚ್ಚು ಮುಂತಾದವನ್ನು ಬೇರೆಯವರು ಬಳಸದಂತೆ ಬೀಗ) ಹಾಕಿಡಿ. ಇನ್ನು ಮುಂದೆ ಪೂರ್ತಿ ಸಂಖ್ಯೆ ಕೇಳದ ಕಡೆಗೆಲ್ಲ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು. ಖಾತೆಯಿಂದ ಹಣ ಹೋಗಿದ್ದು ಕಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಲ್ಯಾಬ್‌ಗೆ ಹಾಕಿದ ಪೆನ್‌ಡ್ರೈವ್‌ನ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ. ಪ್ರಾಜೆಕ್ಟ್ ಹೋಯಿತೇ? (ಅಂಕೋಲಾ)

ಉತ್ತರ: ಹೆಚ್ಚಾಗಿ ಹೋಗಿರುವುದಿಲ್ಲ, ವೈರಸ್ ಅದನ್ನು ಅಡಗಿಸಿಟ್ಟಿರುತ್ತದೆ. ಶಾರ್ಟ್‌ಕಟ್ ಮೇಲೆ ಒತ್ತಲೇಬೇಡಿ, ಒತ್ತಿದರೆ ವೈರಸ್ ಓಡುತ್ತದೆ. ವಿಂಡೋಸ್ ಬದಲು ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆ ಇರುವ ಕಂಪ್ಯೂಟರ್‌ಗೆ ಹಾಕಿ ನೋಡಿ, ವಿಂಡೋಸ್‌ಗೆಂದು ಬರೆದ ಈ ವೈರಸ್ ಅಲ್ಲಿ ಓಡುವುದಿಲ್ಲ. ನಿಮ್ಮ ಬರಹ, ಚಿತ್ರಗಳನ್ನಷ್ಟೇ ನಕಲು ಮಾಡಿಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ. ಆಮೇಲೆ ಯಾವ ಕಂಪ್ಯೂಟರ್‌ಗೆ ಹಾಕಿದಾಗ ಹೀಗಾಯಿತೆಂದು ಲ್ಯಾಬ್‌ನವರಿಗೆ ತಿಳಿಸಿ. ನಿಮ್ಮ ನಂತರ ಅಲ್ಲಿ ಕೂರುವವರ ಪೆನ್‌ಡ್ರೈವ್‌ಗೂ ಅದು ಹೋಗುತ್ತಿದೆ.