ಹದಿಮೂರು ಜನ ಪೂಜೆಗೆ, ನಾನೊಬ್ಬಳು ಒಲೆ ಮುಂದೆ

ಪ್ರಶ್ನೆ: ನಾನು ವಿರಾಜಪೇಟೆ ಹತ್ತಿರದ ಕ್ಯಾಥೊಲಿಕ್ ಮನೆಯ ಹಿರಿಯ ಸೊಸೆ. ಕ್ರಿಸ್‌ಮಸ್ ರಜೆಗೆ ಬೆಂಗಳೂರು, ದುಬೈಯಿಂದ ಎಲ್ಲರೂ ಬರುತ್ತಾರೆ. ಒಟ್ಟು ಹದಿನಾಲ್ಕು ಜನ. ರಾತ್ರಿ ಜಪಸರ ಮುಗಿದ ಮೇಲೆ ಒಬ್ಬೊಬ್ಬರೂ ದೇವರಿಗೆ ಕೃತಜ್ಞತೆ ಹೇಳಬೇಕು, ಅದು ಅತ್ತೆಯ ರೂಢಿ. ಪ್ರಮೋಷನ್, ಹೊಸ ಕಾರು, ಮಕ್ಕಳ ಮಾರ್ಕ್ಸ್ ಎಲ್ಲ ಬರುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಬೇಯಿಸಿದವಳ ಬಗ್ಗೆ ಒಂದು ಮಾತೂ ಇಲ್ಲ. ಹೋದ ವರ್ಷ ಅಡುಗೆ ಮುಗಿಯದೆ ನನಗೆ ಚರ್ಚಿನ ರಾತ್ರಿ ಪೂಜೆಯೂ ತಪ್ಪಿತು. ನನ್ನ ಸರದಿ ಬಂದಾಗ ಮಾತೇ ಹೊರಡಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆದೆ. ಅತ್ತೆ ‘ಉಪಕಾರ ಸ್ಮರಣೆ ಇಲ್ಲದವಳು’ ಎಂದರು. ನನ್ನ ನಂಬಿಕೆ ಕಡಿಮೆಯಾಗಿದೆಯೇ?

ಉತ್ತರ: ಇಲ್ಲ ಅಮ್ಮಾ. ನಿಮ್ಮ ನಂಬಿಕೆಗೆ ಏನೂ ಆಗಿಲ್ಲ. ನಿಮಗೆ ಸುಸ್ತಾಗಿದೆ, ಮನಸ್ಸಿಗೆ ನೋವಾಗಿದೆ. ಅದು ಪಾಪವಲ್ಲ.

ಲೂಕನ ಶುಭಸಂದೇಶದ 17ನೇ ಅಧ್ಯಾಯ ನಿಮಗೆ ಗೊತ್ತಿರುವುದೇ. ಹತ್ತು ಕುಷ್ಠರೋಗಿಗಳು ವಾಸಿಯಾದರು, ತಿರುಗಿ ಬಂದವನು ಒಬ್ಬ. ಅವನು ಗಟ್ಟಿಯಾಗಿ ದೇವರನ್ನು ಹೊಗಳಿದ. ಅಷ್ಟಕ್ಕೇ ನಿಲ್ಲಿಸಲಿಲ್ಲ, ಯೇಸುವಿನ ಕಾಲಿಗೆ ಬಿದ್ದು ಕೃತಜ್ಞತೆ ಹೇಳಿದ. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸುವೇ ಕೇಳಿದರು. ಬರಬೇಕಾದ ಮಾತು ಬರಲಿಲ್ಲ ಎಂದು ಗಮನಿಸುವುದು ಸಣ್ಣತನವಾಗಿದ್ದರೆ ಅವರು ಹಾಗೆ ಕೇಳುತ್ತಿದ್ದರಾ?

ನಿಮ್ಮೂರಿನ ಸಂತ ಅನ್ನಮ್ಮನ ದೇವಾಲಯವನ್ನೇ ನೋಡಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತ ಕುಟುಂಬಗಳಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಜಾಗ ಕೊಟ್ಟ. 1792ರಲ್ಲಿ ಅಲ್ಲಿ ದೇವಾಲಯ ಬಂತು. ಅವರು ದೇವರನ್ನು ನೆನೆದರು, ನಿಜ. ಆದರೆ ದೇವರ ದಯೆ ಅವರಿಗೆ ಬಂದದ್ದು ಬೇರೆ ಧರ್ಮದ ಒಬ್ಬ ಅರಸನ ಕೈಯಿಂದ. ನಿಮ್ಮ ಮನೆಯವರಿಗೆ ಹಬ್ಬದ ಊಟ ಬಂದದ್ದೂ ಒಂದು ಕೈಯಿಂದಲೇ ಅಲ್ವಾ?

ನನ್ನ ಅಮ್ಮ ಮನೆಯ ಪ್ರಾರ್ಥನೆಗೆ ಯಾವತ್ತೂ ಕೂತವಳಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಶಿಲುಬೆಯ ಗುರುತು ಹಾಕುತ್ತಿದ್ದಳು. ಹಣೆಯ ಮೇಲೆ ಹಿಟ್ಟಿನ ಚುಕ್ಕೆ ಉಳಿಯುತ್ತಿತ್ತು. ನಾವು ಮಕ್ಕಳು ಅದನ್ನು ನೋಡಿ ನಗುತ್ತಿದ್ದೆವು. ಒಳಗೆ ಬಂದು ಕೂತ್ಕೋ ಅಂತ ಒಬ್ಬರೂ ಕರೆಯಲಿಲ್ಲ. ನಿಮ್ಮ ಪತ್ರ ಓದಿದಾಗಿನಿಂದ ಆ ಚುಕ್ಕೆ ಕಣ್ಣಿಂದ ಹೋಗುತ್ತಿಲ್ಲ.

ಈಗ ಮಾಡಬೇಕಾದ್ದು. ಪೂಜೆ ಮಾತ್ರ ಈ ಸಲ ತಪ್ಪಬಾರದು. ಪೂಜೆಗಿರುವ ಇನ್ನೊಂದು ಹೆಸರು ಯೂಕರಿಸ್ಟ್, ಆ ಗ್ರೀಕ್ ಮೂಲದ ಮಾತಿಗೆ ಕೃತಜ್ಞತೆ ಎಂದೇ ಅರ್ಥ. ಹದಿಮೂರು ಜನ ಕೃತಜ್ಞತೆ ಹೇಳಲು ಹೋಗಿ ನಿಮ್ಮನ್ನು ಒಲೆ ಮುಂದೆ ಬಿಟ್ಟರು, ಇದು ನನಗೆ ಸರಿ ಕಾಣುವುದಿಲ್ಲ. ನಡುರಾತ್ರಿ ಆಗದಿದ್ದರೆ 24ರ ಸಂಜೆಯ ಪೂಜೆಯೂ ಹಬ್ಬಕ್ಕೆ ಸಲ್ಲುತ್ತದೆ. ಹಂದಿ ಮಾಂಸ 23ಕ್ಕೇ ಬೇಯಲಿ. ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಹಾಕಿ ಇಟ್ಟರೆ ಮರುದಿನ ರುಚಿ ಇನ್ನೂ ಜಾಸ್ತಿ. ತೆಂಗಿನಕಾಯಿ ತುರಿಯಲು, ಪಾತ್ರೆ ತೊಳೆಯಲು ಮೈದುನಂದಿರಿಗೂ ಕೈಗಳಿವೆ. ಇದನ್ನು ನಿಮ್ಮ ಯಜಮಾನರೇ ಅವರಿಗೆ ಹೇಳಬೇಕು, ನೀವಲ್ಲ. ಡಿಸೆಂಬರ್ ಮೊದಲ ವಾರದಲ್ಲೇ ಹೇಳಲಿ.

ಅತ್ತೆಯ ಜೊತೆ ಒಬ್ಬರೇ ಕೂತು ಮಾತಾಡಿ, ಮಧ್ಯಾಹ್ನದ ಕಾಫಿ ಹೊತ್ತಿಗೆ. ಅವರು ಸೊಸೆಯಾಗಿದ್ದಾಗ ಹಬ್ಬದ ಅಡುಗೆ ಯಾರು ಮಾಡುತ್ತಿದ್ದರು, ಪೂಜೆಗೆ ಹೋಗಲು ಆಗುತ್ತಿತ್ತಾ ಅಂತ ಕೇಳಿ. ಜಗಳಕ್ಕೆ ಅಲ್ಲ, ನಿಜವಾಗಿ ತಿಳಿಯಲು ಕೇಳಿ. ಅವರ ಆ ಒಂದು ಮಾತಿನ ಹಿಂದೆ ಅವರದೇ ಹಳೆಯ ನೋವು ಇರಬಹುದು. ಇಲ್ಲದೆಯೂ ಇರಬಹುದು. ಆಮೇಲೆ, ಈ ಸಲ ದೇವರಿಗೆ ಹೇಳುವ ಮೊದಲು ಒಬ್ಬೊಬ್ಬರೂ ಪಕ್ಕದಲ್ಲಿ ಕೂತವರಿಗೆ ಒಂದು ಮಾತು ಹೇಳೋಣವಾ ಎಂದು ಅವರ ಬಾಯಿಂದಲೇ ಹೇಳಿಸಿ. ರೂಢಿ ಅವರದು, ಬದಲಾವಣೆಯೂ ಅವರಿಂದಲೇ ಬಂದರೆ ನಿಲ್ಲುತ್ತದೆ.

ನಿಮ್ಮ ಸರದಿ ಬಂದಾಗ ಇಲ್ಲದ ಖುಷಿ ತೋರಿಸಬೇಡಿ. ‘ಸ್ವಾಮಿ, ಈ ವರ್ಷ ನಾನು ದಣಿದಿದ್ದೇನೆ’ ಎಂದರೂ ಅದು ಪ್ರಾರ್ಥನೆಯೇ. ಕೀರ್ತನೆಗಳಲ್ಲಿ ಅಂಥ ಅಳಲು ಎಷ್ಟೋ ಇದೆ. ಎದ್ದು ಮಾತ್ರ ಹೋಗಬೇಡಿ. ಪಾತ್ರೆ ಬೆಳಗಿನವರೆಗೂ ಸಿಂಕಿನಲ್ಲೇ ಇರಲಿ.