ಬೊಲೆಸ್ವಾವಿಯೆಟ್ಸ್: ಜರ್ಮನ್ ಊರಾ, ಪೋಲಿಷ್ ಊರಾ?

ನೀಲಿ ಚುಕ್ಕಿಯ ಮಣ್ಣಿನ ಪಾತ್ರೆಗಳಲ್ಲಿ ಹಳೆಯವುಗಳ ತಳದಲ್ಲಿ ಬುಂಟ್ಸ್ಲೌ ಅಂತಿದೆ, ಹೊಸದರಲ್ಲಿ ಬೊಲೆಸ್ವಾವಿಯೆಟ್ಸ್ ಅಂತಿದೆ, ಇದು ನಿಜವಾಗಿ ಯಾರ ಊರು ಅಂತ ಕೇಳಿದ್ದೀರಿ. ಎರಡೂ ಒಂದೇ ಊರು, ಮೊದಲನೆಯದು ಜರ್ಮನ್ ಹೆಸರು, ಎರಡನೆಯದು ಪೋಲಿಷ್ ಹೆಸರು. 1945ರ ನಂತರ ಅಲ್ಲಿನ ಜನ ಬದಲಾದರು, ಹೆಚ್ಚುಕಡಿಮೆ ಎಲ್ಲರೂ.

ಹಿಂದಿನ ಕಥೆ ಬೇಗ ಹೇಳುತ್ತೇನೆ. ಊರಿರುವುದು ಪೋಲೆಂಡಿನ ನೈಋತ್ಯದ ಸೈಲೀಷಿಯಾದಲ್ಲಿ. 13ನೇ ಶತಮಾನದಲ್ಲಿ ಆಳುತ್ತಿದ್ದವರು ಪೋಲೆಂಡಿನ ಪಿಯಾಸ್ಟ್ ವಂಶದ ದೊರೆಗಳು. ಪೇಟೆ ಕಟ್ಟೋಕೆ, ಸಾಗುವಳಿ ಮಾಡೋಕೆ ಜರ್ಮನ್ ಜನರನ್ನು ಕರೆಸಿಕೊಂಡಿದ್ದೂ ಅವರೇ. ಆಮೇಲೆ ಬೊಹೀಮಿಯಾ (ಈಗಿನ ಚೆಕ್ ನಾಡು), 1526ರಲ್ಲಿ ಆಸ್ಟ್ರಿಯಾದ ಹಾಬ್ಸ್‌ಬರ್ಗ್ ವಂಶ, 1742ರಲ್ಲಿ ಜರ್ಮನ್ ರಾಜ್ಯವಾದ ಪ್ರಷ್ಯಾ, 1871ರಲ್ಲಿ ಜರ್ಮನಿ, ಹೀಗೆ ಕೈ ಬದಲಾಗುತ್ತಲೇ ಹೋಯಿತು.

ಊರಿಗೆ ಹೆಸರು ತಂದಿದ್ದು ಸುತ್ತಲಿನ ಜೇಡಿಮಣ್ಣು. 1511ರ ಹೊತ್ತಿಗೇ ಅಲ್ಲಿ ಕುಂಬಾರರ ಸಂಘ ಇತ್ತು. ಮೊದಲು ಕಂದು ಮೆರುಗಿನ ಹೂಜಿ, ಭರಣಿಗಳು. ಈಗ ಎಲ್ಲರೂ ಗುರುತಿಸುವ ನೀಲಿ ಚುಕ್ಕಿ, ನವಿಲುಗಣ್ಣಿನ ಚಿತ್ತಾರ ಬಹಳ ಆಮೇಲೆ ಬಂದದ್ದು. ಸೈಲೀಷಿಯಾದ ದೊಡ್ಡ ನಗರ ವ್ರೊಟ್ಸ್ವಾಫ್‌ನಲ್ಲಿ ಕೆಲಸಕ್ಕಿದ್ದಾಗ ಹೋಗಿ ನೋಡಿದ್ದೇನೆ. ಒಂದು ಸಲ ಸುಟ್ಟ ಬಟ್ಟಲನ್ನು ಎಡಗೈಯಲ್ಲಿ ತಿರುಗಿಸುತ್ತಾ, ಬೆರಳುದ್ದದ ಸ್ಪಂಜಿನ ಅಚ್ಚನ್ನು ಬಣ್ಣಕ್ಕೆ ಅದ್ದಿ ಅದ್ದಿ ಒತ್ತುತ್ತಾರೆ. ಗೆರೆ ಎಳೆದುಕೊಳ್ಳುವುದಿಲ್ಲ, ಅಳತೆ ಇಲ್ಲ, ಆದರೂ ಕೊನೆಯ ಚುಕ್ಕಿ ಮೊದಲನೆಯದರ ಪಕ್ಕಕ್ಕೇ ಸರಿಯಾಗಿ ಬಂದು ಕೂರುತ್ತದೆ! ಆಮೇಲೆ ಮೆರುಗು ಹಚ್ಚಿ ಮತ್ತೆ ಭಟ್ಟಿಗೆ.

1945ರ ಫೆಬ್ರವರಿಯಲ್ಲಿ ಸೋವಿಯತ್ ಸೇನೆ ಬಂತು. ಹಿಂದೆ ಸರಿಯುವಾಗ ಜರ್ಮನ್ ಸೈನಿಕರು ಬೋಬರ್ ನದಿಯ ಮೇಲಿನ ಕಲ್ಲಿನ ರೈಲು ಸೇತುವೆಯ ಒಂದು ಭಾಗ ಸ್ಫೋಟಿಸಿದರು, ಹಳೆ ಪೇಟೆಯ ಬಹುಪಾಲು ನೆಲಸಮವಾಯಿತು. ಪೋಲೆಂಡಿನ ಗಡಿ ಪಶ್ಚಿಮಕ್ಕೆ ಸರಿದು ಊರು ಪೋಲೆಂಡಿಗೆ ಸೇರಿತು. ಉಳಿದಿದ್ದ ಜರ್ಮನ್ನರನ್ನು ಹೊರಹಾಕಿದರು. ಅವರಲ್ಲಿದ್ದ ಕುಂಬಾರರು ಪಶ್ಚಿಮ ಜರ್ಮನಿಯಲ್ಲಿ ಹೊಸದಾಗಿ ಚಕ್ರ ಹೂಡಿದರು. ಖಾಲಿಯಾದ ಊರಿಗೆ ಬಂದವರೂ ಮನೆ ಕಳೆದುಕೊಂಡವರೇ: ಸೋವಿಯತ್ ಪಾಲಾದ ಪೂರ್ವ ಪೋಲೆಂಡಿನವರು, ಜೊತೆಗೆ 1946ರಲ್ಲಿ ಬೋಸ್ನಿಯಾದಿಂದ ಬಂದ ಸಾವಿರಾರು ಪೋಲಿಷರು. ಇವರ ಹಿರಿಯರು ಆಸ್ಟ್ರಿಯಾದ ಆಳ್ವಿಕೆಯಲ್ಲಿ ಗಲೀಷಿಯಾದಿಂದ (ಈಗಿನ ದಕ್ಷಿಣ ಪೋಲೆಂಡ್, ಪಶ್ಚಿಮ ಉಕ್ರೇನ್) ಬೋಸ್ನಿಯಾಕ್ಕೆ ಹೋಗಿ ನೆಲೆಸಿದ್ದರು. ಇದು ಪೋಲೆಂಡಿನಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ, ನನಗೆ ಅದೇ ಬೇಜಾರು.

ಹೊಸಬರಲ್ಲಿ ಹೆಚ್ಚಿನವರಿಗೆ ಈ ಕಸುಬು ಗೊತ್ತಿರಲಿಲ್ಲ. ಕ್ರಾಕೂಫ್‌ನ ಪ್ರೊಫೆಸರ್ ತಾದೆಉಶ್ ಶಾಫ್ರಾನ್ ಬಂದು ಪಾತ್ರೆ ಕಾರ್ಖಾನೆ ಮತ್ತೆ ನಡೆಯುವಂತೆ ಮಾಡಿದರು. ಅದೇ ಮಣ್ಣು, ಅದೇ ಸ್ಪಂಜಿನ ಅಚ್ಚು.

ಆಗಿನ ಪೋಲಿಷ್ ಸರ್ಕಾರ, ಹಿಂದೆ ಪಿಯಾಸ್ಟ್ ದೊರೆಗಳದ್ದಾಗಿತ್ತು ಅಂತ, ಇದನ್ನು 'ಮರಳಿ ಪಡೆದ ನೆಲ' ಅಂತ ಕರೆದು ಜರ್ಮನ್ ಬರಹಗಳನ್ನೆಲ್ಲ ಅಳಿಸಿತು. ಇದು ಜರ್ಮನ್ನರ ಊರು, ಪೋಲಿಷರು ಕಿತ್ತುಕೊಂಡರು ಅನ್ನುವವರೂ ಇದ್ದಾರೆ. ನಾನು ಎರಡನ್ನೂ ಒಪ್ಪುವುದಿಲ್ಲ. ಎರಡರಲ್ಲೂ ಒಂದೊಂದು ಕಡೆಯ ಜನರ ಬದುಕು ಲೆಕ್ಕಕ್ಕೇ ಬರುವುದಿಲ್ಲ, ಅಲ್ವಾ?

ಹೋಗುವುದಾದರೆ ಅಲ್ಲಿನ ಸೆರಾಮಿಕ್ ಮ್ಯೂಸಿಯಂ ತಪ್ಪಿಸಬೇಡಿ, ಜರ್ಮನ್ ಕಾಲದ್ದೂ ಪೋಲಿಷ್ ಕಾಲದ್ದೂ ಒಂದೇ ಕಡೆ ನೋಡಬಹುದು. ಆಗಸ್ಟ್‌ನಲ್ಲಿ ಪಾತ್ರೆಗಳ ಹಬ್ಬ, ಆಗ ಜನ ಜಾಸ್ತಿ. ನಿಧಾನವಾಗಿ ನೋಡಬೇಕೆಂದರೆ ಬೇರೆ ತಿಂಗಳಲ್ಲಿ ಹೋಗಿ.