ಒಜು ಸಿನಿಮಾಗಳಲ್ಲಿ ಏನೂ ನಡೆಯುವುದೇ ಇಲ್ಲವಲ್ಲ, ಅವರನ್ನು ಅಷ್ಟೊಂದು ಮೆಚ್ಚುವುದೇಕೆ?

‘ಟೋಕಿಯೊ ಸ್ಟೋರಿ’ಯನ್ನು ಅರ್ಧಕ್ಕೇ ನಿಲ್ಲಿಸಿದೆ, ಊಟ, ಚಹಾ, ಮಾತು ಬಿಟ್ಟರೆ ಅದರಲ್ಲಿ ಏನೂ ಇಲ್ಲ ಎಂದು ಬರೆದಿದ್ದೀರಿ. ಜಪಾನಿನ ಯಾಸುಜಿರೊ ಒಜು ನನ್ನ ಅತ್ಯಂತ ಪ್ರೀತಿಯ ನಿರ್ದೇಶಕರು. ಹಾಗಾಗಿ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಅವರ ಸಿನಿಮಾಗಳಲ್ಲಿ ಮದುವೆ, ಸಾವು, ಯುದ್ಧ ಎಲ್ಲವೂ ಇವೆ. ಆದರೆ ಉಳಿದವರು ಯಾವುದನ್ನು ತೋರಿಸಲು ಕಾದು ಕೂತಿರುತ್ತಾರೋ, ಒಜು ಅದನ್ನೇ ಬಿಟ್ಟು ಮುಂದೆ ಹೋಗುತ್ತಾರೆ.

1949ರ ‘ಲೇಟ್ ಸ್ಪ್ರಿಂಗ್’ ನೋಡಿ. ಕಾಮಾಕುರಾದಲ್ಲಿ ಹೆಂಡತಿಯನ್ನು ಕಳೆದುಕೊಂಡ ಪ್ರೊಫೆಸರ್, ಅವರನ್ನು ನೋಡಿಕೊಳ್ಳುತ್ತ ಮದುವೆಯೇ ಬೇಡ ಎನ್ನುವ ಮಗಳು ನೊರಿಕೊ. ಅವಳನ್ನು ಒಪ್ಪಿಸಲು ಅಪ್ಪ ತಾನೇ ಇನ್ನೊಂದು ಮದುವೆಯಾಗುತ್ತೇನೆಂದು ಸುಳ್ಳು ಹೇಳುತ್ತಾರೆ. ಇಡೀ ಕಥೆ ಮದುವೆಯ ಸುತ್ತ ಸುತ್ತಿದರೂ ಮದುವೆಯ ದೃಶ್ಯವೇ ಇಲ್ಲ. ವರನ ಮುಖವನ್ನೂ ನಾವು ಒಮ್ಮೆಯೂ ನೋಡುವುದಿಲ್ಲ. ಮದುವಣಗಿತ್ತಿಯ ಉಡುಗೆಯಲ್ಲಿ ಮಗಳು ಅಪ್ಪನಿಗೆ ನಮಸ್ಕರಿಸುತ್ತಾಳೆ, ಅಷ್ಟೇ. ಆ ರಾತ್ರಿ ಅಪ್ಪ ಒಬ್ಬರೇ ಮನೆಗೆ ಬಂದು ಕೂತು ಸೇಬು ಸುಲಿಯುತ್ತಾರೆ. ಸಿಪ್ಪೆ ಉದ್ದಕ್ಕೆ ಇಳಿದು ಕಳಚಿ ಬೀಳುತ್ತದೆ, ತಲೆ ಬಾಗುತ್ತದೆ. ಇಲ್ಲಿ ಬಿಕ್ಕಿ ಅಳಬೇಕು ಎಂದು ಒಜು ಹೇಳಿದ್ದರಂತೆ. ನನ್ನಿಂದಾಗದು ಎಂದರಂತೆ ನಟ ಚಿಶು ರ್ಯೂ. ಒಜು ಒತ್ತಾಯಿಸಲಿಲ್ಲ. ಮಗಳನ್ನು ಧಾರೆಯೆರೆದು ಕಳಿಸಿದ ಮನೆಯ ಆ ರಾತ್ರಿಯನ್ನು ಕಂಡವರಿಗೆ ಇದಕ್ಕಿಂತ ಹೆಚ್ಚೇನೂ ಬೇಕಾಗುವುದಿಲ್ಲ.

ಈಗ ನೀವು ನಿಲ್ಲಿಸಿದ ಸಿನಿಮಾಕ್ಕೆ ಬರೋಣ. ಒನೊಮಿಚಿಯ ವೃದ್ಧ ದಂಪತಿ ಟೋಕಿಯೊದ ಮಕ್ಕಳನ್ನು ನೋಡಲು ಹೊರಡುತ್ತಾರೆ. ಶುರುವಿನಲ್ಲೇ ಗಾಳಿ ತುಂಬುವ ದಿಂಬು ಕಾಣದೆ, ನಿನಗೇ ಕೊಟ್ಟಿದ್ದೆನಲ್ಲ ಎಂದು ಗಂಡ ಹೆಂಡತಿಯನ್ನು ಕೇಳುತ್ತಾನೆ, ನನ್ನ ಹತ್ತಿರ ಇಲ್ಲ ಎನ್ನುತ್ತಾಳೆ ಅವಳು. ಆಮೇಲೆ ಅದು ಅವನ ಸಾಮಾನಿನಲ್ಲೇ ಸಿಗುತ್ತದೆ. ಯಾರೂ ಕ್ಷಮೆ ಕೇಳುವುದಿಲ್ಲ, ಯಾರೂ ಬೇಸರ ಪಡುವುದಿಲ್ಲ. ಎಷ್ಟೋ ವರ್ಷಗಳ ದಾಂಪತ್ಯ ಈ ಒಂದು ನಿಮಿಷದಲ್ಲಿದೆ. ತಾಯಿ ಹಿಂತಿರುಗುವ ರೈಲಿನಲ್ಲಿ ಕಾಯಿಲೆ ಬೀಳುವುದನ್ನು ನಾವು ಕಾಣುವುದಿಲ್ಲ, ಒಸಾಕಾದಲ್ಲಿರುವ ಮಗನ ಬಾಯಿಂದ ಕೇಳುತ್ತೇವೆ. ಅವಳ ಕೊನೆಯುಸಿರನ್ನೂ ತೋರಿಸುವುದಿಲ್ಲ. ಬೆಳಗಿನ ಜಾವ ಹೊರಗೆ ನಿಂತಿದ್ದ ಮುದುಕ ಸೊಸೆಗೆ ಹೇಳುತ್ತಾನೆ, ಎಷ್ಟು ಚೆಂದದ ಬೆಳಗು, ಇವತ್ತೂ ಸೆಕೆ ಜೋರಾಗಿರುತ್ತದೆ ಅಂತ. ಆ ಪಾತ್ರ ಮಾಡಿದಾಗ ರ್ಯೂಗೆ ಐವತ್ತೂ ತುಂಬಿರಲಿಲ್ಲ!

ಎಲ್ಲರಿಗಿಂತ ಜೋರಾಗಿ ಅತ್ತ ‘ಶಿಗೆ’ ಎಂಬ ಮಗಳು ಅಂತ್ಯಕ್ರಿಯೆಯ ಊಟದಲ್ಲೇ ಅಮ್ಮನ ಉಡುಪುಗಳನ್ನು ನೆನಪಿಗೆಂದು ಕೇಳುತ್ತಾಳೆ. ಅವಳನ್ನು ಖಳನಾಯಕಿ ಮಾಡುವುದು ಎಷ್ಟು ಸುಲಭವಿತ್ತು! ಒಜು ಹಾಗೆ ಮಾಡಲಿಲ್ಲ. ಅವಳು ಅತ್ತದ್ದೂ ನಿಜ, ಕೇಳಿದ್ದೂ ನಿಜ. ನನಗೆ ಒಜು ದೊಡ್ಡವರಾಗಿ ಕಾಣುವುದು ಇಲ್ಲೇ.

ಅವರ ಬದುಕನ್ನೂ ಸ್ವಲ್ಪ ತಿಳಿದಿರಬೇಕು. 1903ರ ಡಿಸೆಂಬರ್ 12ರಂದು ಟೋಕಿಯೊದಲ್ಲಿ ಹುಟ್ಟಿದರು. ಅವರು ಇನ್ನೂ ಹುಡುಗನಾಗಿದ್ದಾಗಲೇ ತಂದೆ ವ್ಯಾಪಾರಕ್ಕಾಗಿ ಟೋಕಿಯೊದಲ್ಲೇ ಉಳಿದು ಹೆಂಡತಿ ಮಕ್ಕಳನ್ನು ದೂರದ ಮಾತ್ಸುಸಾಕಾಕ್ಕೆ ಕಳಿಸಿದರು. ಅಪ್ಪನಿಂದ ದೂರ ಬೆಳೆದವರು ಜೀವನಪೂರ್ತಿ ಅಪ್ಪಂದಿರ ಕಥೆ ಹೇಳಿದರು. ಮಕ್ಕಳ ಮದುವೆಯ ಬಗ್ಗೆ ಇಷ್ಟು ಸಿನಿಮಾ ಮಾಡಿದ ಅವರು ಮದುವೆಯಾಗಲಿಲ್ಲ. 1962ರಲ್ಲಿ ತಾಯಿ ತೀರಿಕೊಳ್ಳುವವರೆಗೂ ಅವರ ಜೊತೆಗೇ ಇದ್ದರು. 1923ರಲ್ಲಿ ಶೋಚಿಕು ಸ್ಟುಡಿಯೊದಲ್ಲಿ ಕ್ಯಾಮೆರಾ ಸಹಾಯಕರಾಗಿ ಸೇರಿ, 1927ರಲ್ಲಿ ನಿರ್ದೇಶಕರಾಗಿ, 50ಕ್ಕೂ ಹೆಚ್ಚು ಸಿನಿಮಾ ಮಾಡಿದರು. 1963ರಲ್ಲಿ, ಸರಿಯಾಗಿ ಅರವತ್ತು ತುಂಬಿದ ದಿನವೇ, ಕ್ಯಾನ್ಸರ್‌ನಿಂದ ತೀರಿಕೊಂಡರು.

1937ರಲ್ಲಿ ಸೈನಿಕರಾಗಿ ಚೀನಾಕ್ಕೆ ಹೋಗಿದ್ದರು, ವಿಷಾನಿಲ ಬಳಸುವ ಪಡೆಯಲ್ಲಿದ್ದರು. ಅದನ್ನು ಮರೆಮಾಚಿ ಹೊಗಳುವುದು ನನಗೆ ಸರಿ ಕಾಣದು. ಆದರೆ ಅವರ ಸಿನಿಮಾಗಳಲ್ಲಿ ರಣರಂಗ ಕಾಣುವುದಿಲ್ಲ. ‘ಟೋಕಿಯೊ ಸ್ಟೋರಿ’ಯಲ್ಲಿ ಯುದ್ಧಕ್ಕೆ ಹೋಗಿ ಬಾರದ ಮಗನ ಒಂದು ಫೋಟೊ ಇದೆ. ಎಂಟು ವರ್ಷವಾದರೂ ಆ ಫೋಟೊ ಇಟ್ಟುಕೊಂಡು ಒಂದೇ ಕೋಣೆಯಲ್ಲಿ ಬಾಳುವ ಸೊಸೆ ಇದ್ದಾಳೆ. ಆ ಪಾತ್ರ ಸೆತ್ಸುಕೊ ಹಾರಾ ಅವರದು. ಹೆತ್ತ ಮಕ್ಕಳಿಗಿಂತ ಹೆಚ್ಚು ಅಕ್ಕರೆ ತೋರಿಸುವವಳು ಅವಳೇ.

ಕ್ಯಾಮೆರಾ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಹೆಚ್ಚು ಹೇಳುವುದಿಲ್ಲ: ನೆಲಕ್ಕೆ ಹತ್ತಿರ, ಬಹುತೇಕ ಅಲುಗಾಡದೆ, 50 ಎಂಎಂ ಲೆನ್ಸ್‌ನಲ್ಲಿ. ಮನೆಯೊಳಗೆ ಕೂತು ನೋಡಿದ ಹಾಗಿರುತ್ತದೆ.

‘ಟೋಕಿಯೊ ಸ್ಟೋರಿ’ಯಿಂದ ಶುರು ಮಾಡಿದ್ದರಿಂದ ನಿಮಗೆ ಕಷ್ಟವಾಗಿರಬಹುದು. ಮೊದಲು 1959ರ ‘ಗುಡ್ ಮಾರ್ನಿಂಗ್’ ನೋಡಿ; ಟೀವಿ ಕೊಡಿಸುವ ತನಕ ಮಾತಾಡುವುದಿಲ್ಲ ಎಂದು ಹಠ ಹಿಡಿದ ಇಬ್ಬರು ಹುಡುಗರ ಕಥೆ, ನಕ್ಕು ನಕ್ಕು ಸಾಕಾಗುತ್ತದೆ. ಆಮೇಲೆ ‘ಲೇಟ್ ಸ್ಪ್ರಿಂಗ್’. ಅದಾದ ಮೇಲೆ ಬಿಟ್ಟ ಸಿನಿಮಾವನ್ನು ಮೊದಲಿನಿಂದ ನೋಡಿ, ರಾತ್ರಿ, ಫೋನ್ ಪಕ್ಕಕ್ಕಿಟ್ಟು. ಆಗಲೂ ಹಿಡಿಸದಿದ್ದರೆ ಯಾವ ಜಾಗದಲ್ಲಿ ಬೇಸರ ಬಂತು ಎಂದು ಇಲ್ಲೇ ಬರೆಯಿರಿ, ಮಾತಾಡೋಣ.